ತಿನ್ನದ ಭಜಿಯ ಪ್ರಾಯಶ್ಚಿತ್ತ

ಸೆಕೆಂಡ್ ಶಿಫ್ಟಿನಲ್ಲೇ ಮೀಸೆ ಬಂದು, ಸೆಕೆಂಡ್ ಶಿಫ್ಟಿನಲ್ಲೇ ತಲೆ ನರೆತ ಮನುಷ್ಯನಿಗೆ ಸಂಜೆ ಅಂದರೇನು ಅಂತ ಹೇಗೆ ಗೊತ್ತಿರಬೇಕು, ಹೇಳಿ. ಸಾಂಗಲಿ ಹತ್ತಿರದ ಮಾಧವನಗರದ ಧನ್ಯಕುಮಾರ ಅಂಥವನು. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನ ಪಂಪಿನ ಕಾರಖಾನೆಯಲ್ಲಿ ಲೇಥ್ ಮಶೀನಿನ ಮುಂದೆ ನಿಂತರೆ ಹೊರಗೆ ಹೊತ್ತು ಮುಳುಗಿದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಜೈನರ ಮನೆಯವನು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಬೆಳಕಿರುವಾಗಲೇ ಡಬ್ಬಿ ಬಿಚ್ಚಿ ಉಂಡು, ಕೈ ತೊಳೆದು, ಮತ್ತೆ ಟ್ಯೂಬ್‌ಲೈಟಿನ ಕೆಳಗೆ. ರಜೆ ಇದ್ದರೆ ಸಿನಿಮಾ. ಥೇಟರಿನಿಂದ ಹೊರಬೀಳುವಷ್ಟರಲ್ಲಿ ರಾತ್ರಿ.

ಆ ಕಾರಖಾನೆಯನ್ನು ಪುಣೆಯ ದೊಡ್ಡ ಕಂಪನಿಯೊಂದು ನುಂಗಿತು. ಕಾಗದದಲ್ಲಿ ವಿಲೀನ ಅಂತ ಬರೆದರು, ಅಷ್ಟೇ. ಬಂದ ಹೊಸ ಸಾಹೇಬರು ಮೊದಲು ಸೆಕೆಂಡ್ ಶಿಫ್ಟನ್ನೇ ಬಂದ್ ಮಾಡಿ, ಉಳಿದವರನ್ನೆಲ್ಲ ಹಗಲು ಪಾಳಿಗೆ ಹಾಕಿದರು. ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಅನ್ನುವುದಿನ್ನೂ ನಡೆದೇ ಇತ್ತು. ಕೆಮ್ಮಿದವನನ್ನೂ ಸಾಹೇಬರು ತಿರುಗಿ ನೋಡುತ್ತಿದ್ದರು.

"ಸುಟಲಾಸ್ ಬಘ್, ಧನ್ಯಾ! ಪಾರಾದಿ," ಅಂದ ಬಾಬಾಸಾಹೇಬ. ಓಣಿಯವನೇ, ಅದೇ ಕಾರಖಾನೆಯ ಗೇಟಿನಲ್ಲಿ ವಾಚ್‌ಮನ್. "ಇನ್ನ ಸಂಜೀಕ ಮನ್ಯಾಗ ಹಾಯಾಗಿ ಕುಂದರು."

ಕುಳಿತ. ಮೊದಲ ದಿನ ಹಗಲಿರುತ್ತಲೇ ಉಂಡರು. ಹೆಂಡತಿ ಛಾಯಾ ಪಾತ್ರೆ ತಿಕ್ಕಿಟ್ಟು ಅಡಿಗೆಮನೆಯ ಬಾಗಿಲು ಎಳೆದುಕೊಂಡಳು. ತಾಯಿ ರತ್ನಾಬಾಯಿ ಜಪಮಾಲೆ ಹಿಡಿದು ಕಟ್ಟೆಗೆ ಹೋದಳು. ಬಿಸಿಲು ಗೋಡೆಯಿಂದ ಇಳಿದು, ಎದುರು ಮನೆಯ ಹಂಚಿಗೆ ಹೋಗಿ, ಅಲ್ಲಿಂದಲೂ ಕಳಚಿಕೊಂಡಿತು. ಆಗ ಧನ್ಯಕುಮಾರನ ಎದೆಯ ಮೇಲೆ ಯಾರೋ ಒದ್ದೆ ಗೋಣಿಚೀಲ ಹಾಸಿದಂತಾಯಿತು. ಯಾರೂ ಸತ್ತಿಲ್ಲ, ಏನೂ ಕಳೆದಿಲ್ಲ. ಆದರೂ ಅಳಬೇಕೆನಿಸಿತು.

ಹೋಗಿ ಅಡ್ಡಾದ.

"ಏಳೋ! ದೀಪಾ ಹಚ್ಚೂ ಹೊತ್ತಿನ್ಯಾಗ ಮಲಗತಾರೇನು, ದರಿದ್ರ ಬಡೀತೈತಿ," ತಾಯಿ ಕಟ್ಟೆಯಿಂದಲೇ ಕೂಗಿದಳು.

ಚಪ್ಪಲಿ ಮೆಟ್ಟಿದ.

"ಮೂರ ಸಂಜ್ಯಾಗ ಎಲ್ಲಿ ಹೊಂಟಿ?"

ಆ ಹೊತ್ತಿನಲ್ಲಿ ಆ ಮನೆಯಲ್ಲಿ ಮಲಗುವಂತಿಲ್ಲ, ಹೊರಡುವಂತಿಲ್ಲ, ತಿನ್ನುವಂತಿಲ್ಲ, ಅಳುವುದಂತೂ ಇಲ್ಲವೇ ಇಲ್ಲ. ಪೂರ್ತಿ ಕತ್ತಲಾದ ಮೇಲೆ ಗೋಣಿಚೀಲ ತಾನಾಗಿಯೇ ಸರಿಯಿತು. ಮರುದಿನ ಸಂಜೆ ಮತ್ತೆ ಬಂತು. ಅದರ ಮರುದಿನವೂ ತಪ್ಪಲಿಲ್ಲ.

ಕಡೆಗೆ ಓವರ್‌ಟೈಮ್ ಅಂತ ಸುಳ್ಳು ಹೇಳಿ, ಸಂಜೆಯ ಡಬ್ಬಿಯನ್ನೂ ಕಟ್ಟಿಸಿಕೊಂಡ. ಬಿಸಿಲಿರುತ್ತಲೇ ಉಂಡು ಮಿರಜದ ಬಸ್ಸು ಹತ್ತುವುದು, ಮಿರಜದಿಂದ ಸಾಂಗಲಿ, ಸಾಂಗಲಿಯಿಂದ ಮತ್ತೆ ಮಿರಜ. ಬಸ್ಸಿನೊಳಗೆ ದೀಪ, ಗದ್ದಲ, ಯಾರದೋ ಮೊಣಕೈ ಪಕ್ಕೆಗೆ. ಅಷ್ಟಿದ್ದರೆ ಅವನ ಉಸಿರು ಸರಾಗವಾಗುತ್ತಿತ್ತು. ಬಸ್ಸು ತಡವಾದರೆ ಸ್ಟ್ಯಾಂಡಿನ ಭಜಿ ಗಾಡಿಯ ಮುಂದೆ ನಿಲ್ಲುತ್ತಿದ್ದ. ಅಲ್ಲಿಯ ಬಲ್ಬು ಎಲ್ಲಕ್ಕಿಂತ ದೊಡ್ಡದು.

ಒಂದು ದಿನ ಬಾಬಾಸಾಹೇಬ ಅಲ್ಲಿ ಅವನನ್ನು ನೋಡಿಬಿಟ್ಟ. ಧನ್ಯಕುಮಾರ ಮನೆಗೆ ಬಂದರೆ ಅವನು ಕಟ್ಟೆಯ ಮೇಲೇ ಕೂತಿದ್ದ, ಪಕ್ಕದಲ್ಲಿ ರತ್ನಾಬಾಯಿ, ಬಾಗಿಲಲ್ಲಿ ಛಾಯಾ.

"ಬಾಯಿ ತಗಿ," ಅಂದಳು ತಾಯಿ.

"ಯಾಕ, ಅವ್ವಾ?"

"ತಗೀ ಅಂದೆ!" ನರೆತ ಮಗನ ಗದ್ದ ಹಿಡಿದು ಮೂಸಿದಳು. "ಓವರ್‌ಟೈಮ್ ಇಲ್ಲಂತ. ರಾತ್ರಿ ಗಾಡಿ ಮುಂದ ನಿಂತು ತಿಂತೀಯಂತ. ಅದೂ ಕಾಂದಾ ಭಜಿ, ಉಳ್ಳಾಗಡ್ಡೀದು! ಅದೂ ಚಾತುರ್ಮಾಸದಾಗ!"

"ನಾ ತಿನ್ನೂದು ನೋಡಿಲ್ಲ ಮತ್ತ," ಬಾಬಾಸಾಹೇಬ ಜಾರಿಕೊಂಡ. "ನಿಂತಿದ್ದ ನೋಡೇನಿ."

"ಗಾಡಿ ಮುಂದ ಆರತಿ ಮಾಡಾಕ ನಿಂತಿದ್ನೇನು?"

ಧನ್ಯಕುಮಾರ ಬಾಬಾಸಾಹೇಬನ ಬಾಯನ್ನೇ ನೋಡಿದ. ಆ ಬಾಯಿಗೆ ಬಾಗಿಲಿಲ್ಲ. ಹೊತ್ತು ಮುಳುಗಿದರೆ ನನಗೆ ಹೆದರಿಕೆ ಬರುತ್ತದೆ ಅಂತ ಈಗ ಅಂದರೆ, ಬೆಳಿಗ್ಗೆ ಗೇಟಿನಲ್ಲಿ ಸುದ್ದಿ, ಮಧ್ಯಾಹ್ನ ಸಾಹೇಬರ ಟೇಬಲ್ಲಿಗೆ. ತಲೆ ಕೆಟ್ಟವನನ್ನು ಮಶೀನಿನ ಮುಂದೆ ಯಾರು ನಿಲ್ಲಿಸುತ್ತಾರೆ? ಭಜಿ ತಿಂದವನನ್ನು ಪುಣೆಯವರು ಏನೂ ಮಾಡುವುದಿಲ್ಲ. ಭಜಿಗೆ ಪ್ರಾಯಶ್ಚಿತ್ತ ಉಂಟು.

"ಹೌದು," ಅಂದ. "ತಿಂದೆ."

ಛಾಯಾ ಅವನ ಅಂಗಿಯನ್ನು ನೋಡಿದಳು. ದಿನಾ ಒಗೆಯುವವಳು ಅವಳು. ಎಣ್ಣೆಯ ಕಲೆ ಒಂದೂ ಕಂಡಿರಲಿಲ್ಲ. ಎದುರಿಗೆ ಅತ್ತೆ ಇದ್ದಳು. ಅವನ ಕೈಯಿಂದ ಡಬ್ಬಿ ತೆಗೆದುಕೊಂಡು ಒಳಗೆ ಹೋದಳು.

"ನಾಳೆ ಬಸ್ತಿಗಿ ಹೋಗಿ ಮಹಾರಾಜರ ಮುಂದ ನೇಮ ತಗೊಳಾಕ ಬೇಕ," ರತ್ನಾಬಾಯಿ ತೀರ್ಪು ಕೊಟ್ಟಳು. "ಚಾತುರ್ಮಾಸ ಮುಗಿಯೂ ಮಟಾ, ಹೊತ್ತ ಮುಳಗೂ ಮುಂಚೆ ಮನ್ಯಾಗ ಇರಬೇಕ. ಕತ್ತಲಾಗೂ ಮಟಾ ನನ್ನ ಬಾಜೂಕ ಕುಂತು ಜಪಾ. ಎದ್ದಿ ಅಂದ್ರ ನೇಮ ಮುರೀತು."

ಮರುದಿನ ಬೆಳಿಗ್ಗೆ ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ಕೈಮುಗಿದು ನೇಮ ತಗೊಂಡ. ಸುಳ್ಳು ಹೇಳಿ ಪಾರಾಗಲು ಹೋದವನು ಸಂಜೆಯ ಬಾಯಿಗೇ ಹೋಗಿ ಕೂತ.

ಆ ಸಂಜೆ ಕಟ್ಟೆಯ ಮೇಲೆ ತಾಯಿ, ಮಗ್ಗುಲಲ್ಲಿ ಮಗ, ಕೈಯಲ್ಲಿ ತಂದೆಯ ಹಳೆಯ ಜಪಮಾಲೆ. ಬಿಸಿಲು ಗೋಡೆ ಇಳಿಯಿತು, ಹಂಚಿಗೆ ಹೋಯಿತು. ಗೋಣಿಚೀಲ ಬಂದು ಎದೆಯ ಮೇಲೆ ಬಿತ್ತು. ಏಳುವಂತಿಲ್ಲ. ಕಣ್ಣು ಎಲ್ಲಾದರೂ ಇಡಬೇಕಲ್ಲ, ತಾಯಿಯ ಬೆರಳುಗಳ ಮೇಲಿಟ್ಟ.

ಬೆರಳು ಓಡುತ್ತಿದ್ದವು. ಮಣಿಯ ಹಿಂದೆ ಮಣಿ, ನಾಯಿ ಅಟ್ಟಿಸಿಕೊಂಡು ಬಂದಂತೆ. ಅಷ್ಟು ವೇಗದಲ್ಲಿ ಯಾವ ಮಂತ್ರವನ್ನೂ ಹೇಳಲಾಗುವುದಿಲ್ಲ. ತುಟಿ ಅಲುಗುತ್ತಿರಲಿಲ್ಲ, ಕಣ್ಣು ಎದುರು ಮನೆಯ ಹಂಚಿನ ಮೇಲೇ ಇತ್ತು. ಬೀದಿಯ ದೀಪ ಹತ್ತಿ, ಹಂಚಿನ ಮೇಲಿನ ಕೆಂಪು ಪೂರ್ತಿ ಆರಿದ ಮೇಲೆ ಬೆರಳು ನಿಧಾನವಾದವು. ಆಗಲೇ ಇವನ ಎದೆಯೂ ಹಗುರಾಗತೊಡಗಿತು.

"ಅವ್ವಾ," ಅಂದ ಮೆಲ್ಲಗೆ, "ನಿನಗೂ?"

ರತ್ನಾಬಾಯಿ ಅವನ ಕಡೆ ತಿರುಗಲಿಲ್ಲ.

"ಜಪದಾಗ ಮಾತಾಡಬಾರದು," ಅಂದಳು. "ನಾಳೆ ಜರಾ ಲಗೂ ಬಾ."