ಎತ್ತುವ ಮುಂಚಿನ ಸಂದು

“ಇದನ್ನ ಯಾಕೆ ಅಡ್ಡ ಮಲಗಿಸಿದ್ರಿ?” ಹುಡುಗಿ ಕೇಳಿದಳು.

“ಸುಸ್ತಾಯ್ತು ಅಂತ ಲೆಕ್ಕ,” ಅಣ್ಣ ನಕ್ಕ. “ಹೊಡೆದು ಬಂದ ಕಾರ್ಡು ಮಲಗಬೇಕು. ನನ್ನ ಸರದಿ ತಿರುಗಿ ಬಂದಾಗ ಏಳುತ್ತೆ. ನೋಡ್ತಿರು, ಇನ್ನೊಂದು ಸಲ ಎದ್ರೆ ಇವನ ಕಥೆ ಮುಗೀತು.”

ಸಲೂನಿಗೆ ವಾರದ ರಜೆ. ಬಾಗಿಲು ಅರ್ಧ ಎಳೆದಿತ್ತು. ಗಿರಾಕಿಗಳ ಬೆಂಚನ್ನು ಕನ್ನಡಿಯ ಮುಂದಕ್ಕೆ ಎಳೆದು, ಕೂದಲು ಕತ್ತರಿಸುವಾಗ ಹೊದಿಸುವ ಬಟ್ಟೆಯನ್ನು ಅದರ ಮೇಲೆ ಹಾಸಿ, ಅಣ್ಣ ತಮ್ಮ ಆಚೀಚೆ ಕಾಲು ಹಾಕಿಕೊಂಡು ಕೂತಿದ್ದರು. ಮೂಲೆಯಲ್ಲಿ ಅಪ್ಪ ಕತ್ತಿ ಮಸೆಯುತ್ತಿದ್ದ. ಅಣ್ಣ ಮದುವೆಯಾಗಲಿರುವ ಹುಡುಗಿ ತಿರುಗು ಕುರ್ಚಿಯಲ್ಲಿ ಕೂತು ಆಟ ನೋಡುತ್ತಿದ್ದಳು. ನಿನ್ನೆಯ ಕೂದಲು ನೆಲದ ತುಂಬ ಹಾಗೇ ಬಿದ್ದಿತ್ತು. ಗುಡಿಸುವುದು ತಮ್ಮನ ಕೆಲಸ. ಈ ಅಂಗಡಿಯಲ್ಲಿ ಏನು ಬಿದ್ದರೂ ಎತ್ತುವುದು ತಮ್ಮನ ಕೆಲಸ.

ಪಣಕ್ಕಿದ್ದದ್ದು ತಮ್ಮನ ಕಾರ್ಡಿನ ಕಟ್ಟು; ಇಸ್ಪೀಟಲ್ಲ, ಒಂದೊಂದರ ಮೇಲೂ ಒಬ್ಬೊಬ್ಬ ಕಾದಾಳಿನ ಚಿತ್ರವಿರುವ ಕಾಳಗದ ಕಾರ್ಡುಗಳು. ಕಾರ್ಡಿನಂಗಡಿಯ ಹಿಂದಿನ ಮೇಜುಗಳಲ್ಲಿ ವರ್ಷಗಟ್ಟಲೆ ಕೂತು, ಅದಲುಬದಲು ಮಾಡಿ, ಬೇಡಿ, ಜಗಳವಾಡಿ ಕೂಡಿಸಿದ್ದು. ಮೊದಲ ಪೊಟ್ಟಣ ಮಾತ್ರ ಅಣ್ಣ ತಂದುಕೊಟ್ಟಿದ್ದ. ಆ ಒಂದು ಪೊಟ್ಟಣದ ಧೈರ್ಯದ ಮೇಲೆ ಅವನು ಹುಡುಗಿಯ ಮನೆಗೆ ಹೋದಾಗ ಅವಳ ತಮ್ಮನಿಗೆ, “ನಮ್ಮನೇಲಿ ಒಳ್ಳೇ ಕಟ್ಟೊಂದಿದೆ, ನೀನೇ ಇಟ್ಕೋ” ಎಂದು ಮಾತು ಕೊಟ್ಟು ಬಂದಿದ್ದ. ತಮ್ಮನನ್ನು ಕೇಳಿರಲಿಲ್ಲ. ಯಾವತ್ತು ಕೇಳಿದ್ದ?

“ಬೀಗರ ಮುಂದೆ ದೊಡ್ಡಸ್ತಿಕೆ ತೋರ್ಸೋಕೆ ನನ್ನ ಜೇಬೇ ಬೇಕಿತ್ತಾ?” ಎಂದು ತಮ್ಮ ಕಿರುಚಿದ್ದಕ್ಕೆ ಅಪ್ಪ, “ಆಡಿ ತೀರಿಸ್ಕೊಳ್ರೋ, ಗೆದ್ದೋನಿಗೆ ಕಟ್ಟು. ನನ್ನ ತಲೆ ತಿನ್ಬೇಡಿ” ಎಂದಿದ್ದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಪ್ಪನ ನ್ಯಾಯ ಯಾವತ್ತಿಗೂ ಅದೇ. ತಮ್ಮನದನ್ನು ತಮ್ಮನೇ ಗೆದ್ದುಕೊಳ್ಳಬೇಕು!

“ಒಬ್ರು ಮುಗೀತು ಅಂದ ತಕ್ಷಣ ಇನ್ನೊಬ್ರದು ಶುರುನಾ?” ಹುಡುಗಿ ಮತ್ತೆ ಕೇಳಿದಳು. ಅವಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಗಾಜು ಬದಲಿಸಿ ಬದಲಿಸಿ, ಇದು ಸರಿ ಕಾಣುತ್ತಾ, ಅದು ಸರಿ ಕಾಣುತ್ತಾ ಎಂದು ಕೇಳಿ ಉತ್ತರಕ್ಕೆ ಕಾಯುವ ಅಭ್ಯಾಸ.

“ಇಲ್ಲ,” ತಮ್ಮ ತಲೆ ಎತ್ತಿದ. “ನಡುವೆ ಒಂದು ಸಂದು ಇದೆ. ಅವನು ಮುಗೀತು ಅಂದ ಮೇಲೆ, ನಾನು ಏನಾದ್ರೂ ಮಾಡೋದಿದ್ರೆ ಅಲ್ಲೇ ಮಾಡ್ಬೇಕು. ಆಮೇಲೆ ಕಟ್ಟಿಂದ ಒಂದು ಕಾರ್ಡು ಎತ್ತೋದು. ಎತ್ತಿದ್ರೆ ನನ್ನ ಸರದಿ ಶುರು, ಸಂದು ಮುಚ್ಚೋಯ್ತು.”

“ಎಷ್ಟು ಹೊತ್ತು ಇರುತ್ತೆ ಆ ಸಂದು?”

“ಹೊತ್ತು ಗಿತ್ತು ಇಲ್ಲ. ನಾನು ಎತ್ತೋವರೆಗೂ ಅದು ನಂದೇ.”

“ಸಾಕು ಭಾಷಣ,” ಅಣ್ಣ ಅಂದ. “ಶಾಲೇಲಿ ಇಷ್ಟು ಬಾಯಿ ಬಿಟ್ಟಿದ್ರೆ ಇಷ್ಟೊತ್ತಿಗೆ ಮೇಷ್ಟ್ರಾಗಿರ್ತಿದ್ದೆ.”

ಶಾಲೆಯ ಮಾತು, ಅದೂ ಇವನ ಬಾಯಲ್ಲಿ! ಅಂಗಡಿಯಲ್ಲಿ ಜನ ತುಂಬಿದ್ದ ಒಂದು ಬೆಳಿಗ್ಗೆ, “ಹಿಡಿ” ಎಂದು ಕತ್ತರಿಯನ್ನು ಕೈಗೆ ತುರುಕಿದವನು ಯಾರು? ತಮ್ಮನ ಹೆಗಲ ಮೇಲೆ ಶಾಲೆಯ ಬ್ಯಾಗಿತ್ತು. ಆದರೂ ಹಿಡಿದಿದ್ದ. ಅವತ್ತು ಇಳಿದ ಬ್ಯಾಗು ಮತ್ತೆ ಹೆಗಲೇರಲಿಲ್ಲ.

ತಮ್ಮ ತನ್ನ ಕೈಯಲ್ಲಿದ್ದ ಕೊನೆಯ ಕಾರ್ಡನ್ನು ನೋಡಿದ. ಇರುಳು ಕಾವಲುಗಾರ. ಉಳಿದ ಕಾರ್ಡುಗಳನ್ನು ಸ್ವಂತ ಸರದಿಯಲ್ಲಿ ಇಳಿಸಿ, ಒಂದು ಸುತ್ತು ಕಾದು ಹೊಡೆಸಬೇಕು. ಇದೊಂದನ್ನು ಮಾತ್ರ ಎದುರಾಳಿಯ ಸರದಿ ಮುಗಿಯುವ ಆ ಸಂದಿನಲ್ಲೂ ಇಳಿಸಬಹುದು. ಹಾಗೆ ಇಳಿಸಿದರೆ ತನ್ನ ಸರದಿ ಶುರುವಾದ ಕೂಡಲೇ ಹೊಡೆಯುತ್ತದೆ. ಅಣ್ಣ ಆಸೆಬುರುಕ, ಇದ್ದಬದ್ದ ಕಾರ್ಡನ್ನೆಲ್ಲ ಹೊಡೆಸಿ ಮಲಗಿಸಿದ್ದ. ತಡೆಯಲು ಅವನ ಕಡೆ ಒಬ್ಬನೂ ನಿಂತಿರಲಿಲ್ಲ. ಒಂದೇ ಏಟು ಸಾಕು.

ಹೇಳಬೇಕಾದದ್ದು ಒಂದೇ ಮಾತು. ತಡಿ. ವಾರವೆಲ್ಲ ಟವೆಲು ಹಿಂಡುವಾಗ, ಬ್ರಷ್ಷು ತೊಳೆಯುವಾಗ, ಬಾಯೊಳಗೇ ಹೇಳಿಕೊಂಡಿದ್ದ. ತಡಿ. ತಡಿ. ಅಣ್ಣನ ಚಾಳಿ ಅವನಿಗೆ ಗೊತ್ತಿತ್ತು.

“ಮುಗೀತು ನಂದು,” ಅಣ್ಣ ಅಂದ. ಅನ್ನುತ್ತಲೇ ಬೆಂಚಿನ ಮೇಲೆ ಬಾಗಿ, ತಮ್ಮನ ಕಟ್ಟಿನ ಮೇಲಿದ್ದ ಕಾರ್ಡನ್ನು ಎರಡು ಬೆರಳಲ್ಲಿ ಅವನತ್ತ ಚಿಮ್ಮಿದ. “ಎತ್ತು, ಎತ್ತು.”

ತಮ್ಮ ಕನ್ನಡಿಯಲ್ಲಿ ನೋಡಿದ. ಅದರೊಳಗೆ ಒಂದು ಕೈ ಮುಂದೆ ಹೋಗಿ ಕಾರ್ಡನ್ನು ಎತ್ತಿಕೊಂಡಿತು. ಅವನದೇ ಕೈ.

“ತಡಿ,” ಅಂದ.

“ಏನು ತಡಿ? ಎತ್ತಾಯ್ತಲ್ಲ.”

“ನೀನು ಎಸೆದೆ!”

“ಎಸೆದೆ. ಎತ್ಕೊಂಡಿದ್ಯಾರು? ನಿಮ್ಮಜ್ಜನಾ?”

“ನನ್ನ ಕಟ್ಟಿಗೆ ಕೈ ಹಾಕೋಕೆ ನೀನ್ಯಾರೋ? ಪ್ರತಿ ಸಲ ಹಿಂಗೇ! ನಾನು ಬಾಯಿ ತೆಗೆಯೋದ್ರೊಳಗೆ ಕೈಗೆ ತುರುಕ್ತೀಯ. ಸಂದು ನಂದು ಕಣೋ, ನಂದು!” ಬೆಂಚು ಅಲುಗಾಡಿತು. ತಮ್ಮ ಕಾವಲುಗಾರನನ್ನು ಬಟ್ಟೆಯ ಮೇಲೆ ಬಡಿದ. “ಇಳಿಸಿದೀನಿ. ಇದು ಇಳೀತು. ಈಗಲೇ ಹೊಡೆಯುತ್ತೆ.”

“ಅಪ್ಪಾ, ನೀನೇ ಹೇಳು.”

ಅಪ್ಪ ಕತ್ತಿಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದ. ಮಕ್ಕಳತ್ತ ನೋಡಲಿಲ್ಲ. “ಎತ್ತಿದ ಮೇಲೆ ಎತ್ತಿದಂಗೇ. ಅವನದೇ ರೂಲು, ಈಗ ತಾನೇ ಅವನೇ ಹೇಳಿದ.”

“ಆದ್ರೆ ಎಸೆದಿದ್ದು ಇವ್ರು,” ಹುಡುಗಿ ಅಂದಳು.

“ನಿನಗೆ ಗೊತ್ತಾಗಲ್ಲ ಬಿಡು,” ಅಣ್ಣ ಅಂದ. ಅವಳ ಬಾಯಿ ಇನ್ನೂ ತೆರೆದೇ ಇತ್ತು.

ಉಳಿದದ್ದು ಬೇಗ ಮುಗಿಯಿತು. ಹೊತ್ತು ತಪ್ಪಿ ಇಳಿದ ಕಾವಲುಗಾರ ಒಂದು ಸುತ್ತು ಕಾಯಬೇಕಾಯಿತು. ಅಷ್ಟರಲ್ಲಿ ಅಣ್ಣನ ಕಾರ್ಡುಗಳು ಎದ್ದವು. ಒಬ್ಬ ಕಾವಲುಗಾರ ಎಷ್ಟನ್ನು ತಡೆದಾನು? ಉಳಿದವು ಹೊಡೆದವು. ಅಣ್ಣ ತಮ್ಮನ ಕಾರ್ಡುಗಳನ್ನು ಬಾಚಿ, ತಟ್ಟಿ ಜೋಡಿಸಿ, ರಬ್ಬರು ಹಾಕಿ ಅಂಗಿಯ ಜೇಬಿಗೆ ಇಳಿಸಿದ. ಕಾವಲುಗಾರನ ಪ್ಲಾಸ್ಟಿಕ್ ಕವರಿನ ಮೂಲೆ ಜೇಬಿನ ಅಂಚಿಗೆ ಮಡಚಿಕೊಂಡಿತು. ಆ ಮೂಲೆ ನೆಟ್ಟಗಿರಲೆಂದು ತಮ್ಮ ಎಷ್ಟು ಸಲ ಕವರು ಬದಲಿಸಿದ್ದನೋ. ಅಣ್ಣನ ಕೈಯನ್ನು ಮುರಿಯಬೇಕಾ, ತನ್ನ ಕೈಯನ್ನು ಮುರಿಯಬೇಕಾ ಗೊತ್ತಾಗದೆ, ಮೂಲೆಯಲ್ಲಿದ್ದ ಪೊರಕೆಯನ್ನು ತೆಗೆದುಕೊಂಡು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದ.

“ಮುಖ ಊದಿಸ್ಬೇಡ್ವೋ, ಆಟ ಅದು,” ಅಣ್ಣ ಬೈಕಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ಅಂದ. ಗೂಟದಿಂದ ಎರಡು ಹೆಲ್ಮೆಟ್ ಇಳಿಸಿಕೊಂಡು, ಒಂದನ್ನು ತಿರುಗು ಕುರ್ಚಿಯತ್ತ ಎಸೆದ. “ನಡಿ, ಮೊದಲು ನಿಮ್ಮನೆ, ಆಮೇಲೆ ಛತ್ರ ನೋಡೋಣ. ಹಿಡಿ.”

ಹುಡುಗಿಯ ಕೈಗಳು ಕುರ್ಚಿಯ ತೋಳಿನ ಮೇಲಿದ್ದವು. ಅಲ್ಲೇ ಇದ್ದವು. ಹೆಲ್ಮೆಟ್ ಅವಳ ಮೊಣಕಾಲಿಗೆ ಬಡಿದು, ನೆಲಕ್ಕೆ ಬಿದ್ದು, ನಿನ್ನೆಯ ಕೂದಲಲ್ಲಿ ಉರುಳಿತು.

“ನಾನಿನ್ನೂ ಹೊರಡ್ತೀನಿ ಅಂದಿಲ್ಲ,” ಅಂದಳು.

ಕತ್ತಿ ಮಸೆಯುವ ಸದ್ದು ನಿಂತಿತು. ಅಪ್ಪ ನೋಡಿದ್ದು ತಮ್ಮನನ್ನು. ಅಣ್ಣ ನೋಡಿದ್ದೂ ತಮ್ಮನನ್ನೇ. ಎತ್ತಲು ಅವನ ಸೊಂಟ ಆಗಲೇ ಅರ್ಧ ಬಗ್ಗಿತ್ತು.

ತಮ್ಮ ನೆಟ್ಟಗೆ ನಿಂತ. ಮುಂದಿನ ಗಾಜಿಗೆ ಯಾರ್ಯಾರದೋ ಕೂದಲು ಮೆತ್ತಿಸಿಕೊಂಡು, ಹೆಲ್ಮೆಟ್ ಅವನ ಕಾಲ ಹತ್ತಿರ ಸ್ವಲ್ಪ ಹೊತ್ತು ತೂಗಾಡಿ, ನಿಂತಿತು.