ಅತ್ತೆ ಕೂಗಿಕೊಂಡ ದಿನ

ಅಂಚೆ ವಿಂಗಡಿಸುವ ಹಜಾರದಲ್ಲಿ ಬೆಲ್ಟಿನ ನೆತ್ತಿಗೊಂದು ಕಬ್ಬಿಣದ ಪೆಟ್ಟಿಗೆ. ಕಾಗದಗಳ ಮೇಲಿನ ಗಾಳಿ ಎಳೆದುಕೊಂಡು, ಅದರಲ್ಲಿ ಜೀವ ತೆಗೆಯುವ ರೋಗಾಣುವಿನ ಬೀಜಕಣ ಇದೆಯೇ ಎಂದು ತಾನೇ ಪರೀಕ್ಷಿಸುವುದು ಅದರ ಕೆಲಸ. ಎಲ್ಲದಕ್ಕೂ ಮೂಗು ತೂರಿಸುತ್ತದೆಂದು ಅಲ್ಲಿ ಕೆಲಸ ಮಾಡುವ ಹೆಂಗಸರು ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದರು.

ಅವತ್ತು ಅತ್ತೆ ಕೂಗಿಕೊಂಡಳು. ಬೆಲ್ಟು ನಿಂತಿತು. ಎಲ್ಲರೂ ಮಿಂದು, ಬಟ್ಟೆ ಬದಲಿಸಿ ಪಕ್ಕದ ಕೋಣೆಯಲ್ಲಿ ಕೂತರು. ಎರಡನೇ ಪರೀಕ್ಷೆ ಮುಗಿಯುವವರೆಗೆ ಯಾರೂ ಮನೆಗೆ ಹೋಗುವಂತಿಲ್ಲ.

ಎಲ್ಲರೂ ಬಾಣಂತಿ ಎಂದೇ ಕರೆಯುತ್ತಿದ್ದವಳಿಗೆ ಜೀವ ಬಾಯಿಗೆ ಬಂತು. ಮಗುವಿಗೆ ಹಲ್ಲು ಬಂದಿದ್ದರೂ ಆ ಅಡ್ಡಹೆಸರು ಅವಳನ್ನು ಬಿಟ್ಟಿರಲಿಲ್ಲ. ಮಗು ಬಾಟಲಿ ಮುಟ್ಟದು. ಹಾಲು ಕಟ್ಟಿ ಇವಳ ಎದೆ ಕಲ್ಲಾಗುತ್ತಿತ್ತು. ಗಂಡನಿಗೆ ಫೋನು ಹಚ್ಚಿದಳು.

“ತಡ ಆಗುತ್ತೆ ರೀ. ಅತ್ತೆ ಕೂಗ್ಕೊಂಡ್ಳು, ಹೊರಗೆ ಬಿಡ್ತಿಲ್ಲ.”

“ಕೂಗ್ಕೊಂಡ್ಳಾ? ಬೆನ್ನ ಹಿಂದೆ ನಾನು ಅವಳು ಆಗ್ಬಿಟ್ನಾ?” ಫೋನೆತ್ತಿದ್ದು ನಿಜವಾದ ಅತ್ತೆ. “ಕೂಗ್ತಿರೋದು ನಿನ್ನ ಮಗ.”

ಆ ದನಿ ಫೋನಿನಾಚೆಗೂ ಕೇಳಿ ಕೋಣೆಯೆಲ್ಲ ನಗು. ಅವಳು ಗಡಿಬಿಡಿಯಲ್ಲಿ ಯಂತ್ರದ ವಿಷಯ ಬಿಡಿಸಿ ಹೇಳಿದಳು. ಆಚೆಯಿಂದ ಮಗುವಿನ ಅಳು ಕೇಳುತ್ತಲೇ ಇತ್ತು.

ಯಂತ್ರ ನೋಡಿಕೊಳ್ಳುವ ಮೆಕ್ಯಾನಿಕ್ ಒಳಗೆ ಬಂದಾಗ ಕೇಳಿದಳು. “ಅಣ್ಣ, ಕಣ್ಣಿಗೆ ಕಾಣದ್ದನ್ನ ಅದು ಹೇಗೆ ಗುರುತು ಹಿಡಿಯುತ್ತೆ?”

“ಗಾಳೀನ ನೀರಿಗೆ ಬಿಟ್ಟು, ಆ ನೀರಲ್ಲಿ ರೋಗಾಣುವಿನ ಕುಲದ ಗುರುತು ಹುಡುಕುತ್ತಮ್ಮ. ಚೂರು ಸಿಕ್ಕಿದ್ರೂ ಅದನ್ನ ಲಕ್ಷಗಟ್ಟಲೆ ಮಾಡಿ ನೋಡುತ್ತೆ.”

“ಪಿಸುಮಾತನ್ನ ಊರಿಗೆಲ್ಲ ಕೇಳ್ಸೋ ಹಾಗೆ.”

“ಸುಮ್ನೆ ಅತ್ತೆ ಅಂದ್ರಾ ಮತ್ತೆ?”

“ನಿಜವಾಗ್ಲೂ ಇದ್ರೆ?”

ಅವನ ನಗು ಇಳಿಯಿತು. “ಎಲ್ಲರಿಗೂ ಮಾತ್ರೆ. ಮಗೂಗೆ ಹಾಲು ಕೊಡೋದು, ಡಾಕ್ಟ್ರು ಹೇಳೋವರೆಗೆ ಬೇಡ.”

ಸಂಜೆ ಫಲಿತಾಂಶ ಬಂತು. ಸಿಕ್ಕಿದ್ದು ಮಣ್ಣಿನಲ್ಲಿ ಬದುಕುವ, ಅದೇ ಕುಲದ, ಕೇಡು ಮಾಡದ ಒಂದು ಬಡಪಾಯಿ ಸೂಕ್ಷ್ಮಾಣು. ಯಾರೋ ಗಿಡವನ್ನು ಬೇರಿನ ಮಣ್ಣಿನ ಸಮೇತ ಅಂಚೆಗೆ ಹಾಕಿದ್ದರು.

“ದಾಯಾದಿ ಮುಖ ನೋಡಿ ಮೋಸ ಹೋಗಿದೆ,” ಎಂದ ಮೆಕ್ಯಾನಿಕ್.

ಎಲ್ಲರೂ ದಡಬಡಿಸಿ ಹೊರಟರು. ಅವಳ ಕಾಲೂ ಮನೆಯ ಕಡೆಗೇ ಎಳೆಯುತ್ತಿತ್ತು, ಆದರೂ ಬಾಗಿಲಲ್ಲಿ ನಿಂತಳು. “ಇಲ್ಲದ್ದನ್ನ ಇದೆ ಅಂತು. ಇರೋದನ್ನ ಇಲ್ಲ ಅಂದ್ರೆ?”

ಅವನು ತಲೆ ಕೆರೆದುಕೊಂಡ. “ಅಂದ್ರೂ ಅನ್ನಬಹುದು. ಹಾಗಾಗದಿರ್ಲಿ ಅಂತಾನೇ ಅದನ್ನ ಚೂರು ಅನುಮಾನಕ್ಕೂ ಕೂಗೋವಷ್ಟು ಪುಕ್ಕಲು ಮಾಡಿರೋದು.”

ದಾರಿಯುದ್ದಕ್ಕೂ ಆ ಮಾತು ಅವಳ ತಲೆ ಕೊರೆಯಿತು. ಮನೆಯಲ್ಲಿ ಅತ್ತೆ ಮಗುವನ್ನು ಮುಂದೆ ಹಿಡಿದರೆ, ಇವಳು ಕೈ ಹಿಂದಕ್ಕೆಳೆದುಕೊಂಡು ಬಚ್ಚಲಿಗೆ ನುಗ್ಗಿದಳು.

“ಇನ್ನೂ ಎಷ್ಟು ತೊಳ್ಕೋತೀಯೇ?” ಕದದಾಚೆಯಿಂದ ಅತ್ತೆ ಕೇಳಿದರು. “ಬಾ, ಇವನು ನನ್ನ ಗಲ್ಲ ಚೀಪ್ತಿದಾನೆ.”