ಎಲ್ನೇಥನ್ ಪ್ರೌಟನ ಜೋಡಿ

ವಕೀಲ ಎಲ್ನೇಥನ್ ಪ್ರೌಟ್ ಅಮೆರಿಕದ ವರ್ಮಾಂಟ್ ರಾಜ್ಯದ ಶಾಸನಸಭೆಗೆ ಬಂದು ಆರು ವರ್ಷವಾಗಿತ್ತು. ಆರು ವರ್ಷವೂ ಒಂದೇ ಮಸೂದೆಯ ಬೆನ್ನು ಹತ್ತಿದ್ದ: ಹೆಂಡತಿಗೆ ತವರಿನಿಂದ ಬಂದ ಜಮೀನನ್ನು ಅವಳ ಒಪ್ಪಿಗೆಯಿಲ್ಲದೆ ಗಂಡ ಮಾರಕೂಡದು. ಹೆಸರಿಗೆ ನಾಡಿನ ಹೆಂಗಸರಿಗೆಲ್ಲ. ನಿಜವಾಗಿ ತಂಗಿ ಹುಲ್ಡಾಳಿಗೆ. ಅಪ್ಪ ಅವಳಿಗೆ ಬಿಟ್ಟುಹೋದ, ಕುರಿ ಮೇಯುವ ಹುಲ್ಲುಗಾವಲನ್ನು ಮಾರಿ ಹೊಸ ನೆಲ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಡಲು ಅವಳ ಗಂಡ ಓರಿನ್ ತುದಿಗಾಲಲ್ಲಿ ನಿಂತಿದ್ದ. ಈ ಸಲ ಕಾನೂನು ಮಾಡಿಸಿಯೇ ಸಿದ್ಧ ಎಂದು ಎಲ್ನೇಥನ್ ಅವಳಿಗೆ ಮಾತು ಕೊಟ್ಟಿದ್ದ.

ಮಾತು ಕೊಡುವುದು ಅವನಿಗೊಂದು ಚಟ. ಮಂಗಳವಾರ ಎದುರು ಪಕ್ಷದ ಜಬೆಜ್ ಕೌಲ್ಸ್ ಮೆಟ್ಟಿಲ ಮೇಲೆ ಸಿಕ್ಕಿದ.

"ಹೆಂಡ್ತಿಗೆ ಜ್ವರ ಬಿಡ್ತಿಲ್ಲ ಕಣಯ್ಯ. ಊರಿಗೆ ಹೋಗ್ಬೇಕು. ಜೋಡಿ ಆಗ್ತೀಯಾ?"

ಸಭೆಯಲ್ಲಿ ಅದೊಂದು ಪದ್ಧತಿ. ಒಬ್ಬ ಊರಿಗೆ ಹೋದರೆ ಎದುರು ಪಕ್ಷದ ಅವನ ಜೋಡಿಯೂ ಮತ ಹಾಕುವುದಿಲ್ಲ. ಬರವಣಿಗೆಯಿಲ್ಲ, ಸಾಕ್ಷಿಯಿಲ್ಲ, ಕೈಕುಲುಕಿದರೆ ಮುಗಿಯಿತು. ಮಸೂದೆ ಬರುವುದು ಮುಂದಿನ ವಾರವಲ್ಲವೇ ಎಂದುಕೊಂಡು ಎಲ್ನೇಥನ್ ಕೈಕುಲುಕಿದ.

ಮಸೂದೆ ಈ ಗುರುವಾರವೇ ಬಂತು. ಸುದ್ದಿ ಕೇಳಿ ಹುಲ್ಡಾ ಇಪ್ಪತ್ತು ಮೈಲಿ ಗಾಡಿಯಲ್ಲಿ ಬಂದು ಮೇಲಿನ ಪ್ರೇಕ್ಷಕರ ಸಾಲಿನಲ್ಲಿ ಕೂತಿದ್ದಳು. ಮತಕ್ಕೆ ತನ್ನ ಹೆಸರು ಕೂಗಿದಾಗ ಎಲ್ನೇಥನ್ ಎದ್ದು ನಿಂತ.

"ನಾನು ಕೌಲ್ಸ್ ಅವರ ಜೋಡಿ. ಮತ ಹಾಕೋ ಹಾಗಿಲ್ಲ."

ಹೇಳುವಾಗ ಎದೆ ಒಂದಿಷ್ಟು ಉಬ್ಬಿದ್ದೂ ಸುಳ್ಳಲ್ಲ. ಎಣಿಸಿದರೆ ಎರಡೂ ಕಡೆ ತೊಂಬತ್ತೊಂದು. ಸಮವಾದರೆ ಮಸೂದೆ ಬಿತ್ತು ಎಂದೇ ಅರ್ಥ. ಅದನ್ನು ಬೀಳಿಸಿದವರೇ ಸಾಲುಗಟ್ಟಿ ಬಂದು ಅವನ ಬೆನ್ನು ತಟ್ಟಿ ಹೋದರು.

ಹುಲ್ಡಾ ಹೊರಗೆ ಕಾಯುತ್ತಿದ್ದಳು. "ಅವ್ರಿಗೆ ಕೊಟ್ಟ ಮಾತು ಉಳಿಸ್ಕೊಂಡೆ ಅಣ್ಣ. ನಂಗೆ ಕೊಟ್ಟಿದ್ದು ಮಾತಲ್ವಾ?"

"ಅದು ಬೇರೆ, ಹುಲ್ಡಾ. ಸಭೆ ಅಂದ್ಮೇಲೆ ಮರ್ಯಾದೆ ಅಂತ ಒಂದಿರತ್ತೆ."

"ಇರ್ಲಿ ಬಿಡು. ನಂಗೆ ಕೊಟ್ಟ ಮಾತನ್ನ ಮಾರೋಕೂ ನನ್ನ ಒಪ್ಪಿಗೆ ಬೇಕಾಗಿಲ್ಲ."

ಅವನಿಗೆ ನಾಚಿಕೆಯಾಯಿತು. ನಾಚಿಕೆಯನ್ನೂ ದೊಡ್ಡತನವೆಂದುಕೊಂಡು ನುಂಗಿದ.

ಜಬೆಜ್ ಮರಳುವುದಕ್ಕೆ ಹದಿನೈದು ದಿನ ಹಿಡಿಯಿತು. ಅಷ್ಟರಲ್ಲಿ ಓರಿನ್ ಹುಲ್ಲುಗಾವಲು ಮಾರಿ ಹೆಂಡತಿಯನ್ನು ಗಾಡಿ ಹತ್ತಿಸಿಯಾಗಿತ್ತು. ನಡೆದದ್ದು ಕೇಳಿ ಜಬೆಜ್ ಬಾಯಿ ಬಿಟ್ಟುಕೊಂಡು ನಿಂತ.

"ನಿನ್ನ ತಂಗಿ ಜಮೀನು ಅಂತ ಒಂದು ಕಾಗದ ಬರೀಬಾರ್ದಿತ್ತಾ? ಜೋಡಿ ಮಾತಿಂದ ನಿನ್ನ ಬಿಟ್ಬಿಡ್ತಿದ್ದೆ ಮಾರಾಯ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಕಾಗದಾನೂ ಬರೀತಿರ್ಲಿಲ್ಲ, ಸುಮ್ನೆ ಮತ ಹಾಕಿಬಿಡ್ತಿದ್ದೆ."